ಗೀತಾಗೆ ಎಚ್ ಬೇಕೇ?

ಮಗಳ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ (ಹತ್ತನೆಯ ತರಗತಿಯ ಪ್ರಮಾಣಪತ್ರ) ಇಂಗ್ಲಿಷಿನ ‘ಗೀತಾ’ಗೆ ಟಿ ಆದ ಮೇಲೆ ಎಚ್ ಇದೆ, ಆಧಾರಿನಲ್ಲಿ ಇಲ್ಲ ಅಂದಿರಿ. ಬಹುಶಃ ಬರೆದುಕೊಂಡವರ ರೂಢಿಯಿಂದ ಆದದ್ದು. ನಮ್ಮ ಕಾಸರಗೋಡಿನ ಕಡೆ ಬರೀ ಟಿ ಅಂದರೆ ‘ಟ’, ಎಚ್ ಸೇರಿದರೆ ‘ತ’. ಉತ್ತರ ಭಾರತದವರು ಅದನ್ನೇ ‘ಗೀಥಾ’ ಎಂದು ಓದುತ್ತಾರೆ. ಎರಡೂ ತಪ್ಪಲ್ಲ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು.

ಎಸ್ಸೆಸ್ಸೆಲ್ಸಿ ಪುಸ್ತಕ ಮುಟ್ಟಬೇಡಿ. ಜನನ ಪತ್ರದಲ್ಲಿ ಎಚ್ ಇದೆಯೋ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಮೊದಲು ಪಂಚಾಯತಿಗೆ ಹೋಗಿ ಅದನ್ನು ತಿದ್ದಿಸಿ. ಇದ್ದರೆ ಎರಡರ ಮೂಲ ಪ್ರತಿ ಹಿಡಿದು, ಆಧಾರ್ ಕೆಲಸ ಮಾಡುವ ಅಕ್ಷಯ ಕೇಂದ್ರಕ್ಕೆ (ಕೇರಳ ಸರ್ಕಾರದ ಸೇವಾ ಕೇಂದ್ರ) ಮಗಳನ್ನು ಕರೆದುಕೊಂಡು ಹೋಗಿ. ಸಹಿ ಹಾಕುವ ಮುನ್ನ ಪರದೆಯ ಮೇಲೆ ಒಂದೊಂದೇ ಅಕ್ಷರ ನೋಡಿ. ಆಧಾರಿನಲ್ಲಿ ಹೆಸರು ತಿದ್ದಲು 2 ಸಲ ಮಾತ್ರ ಅವಕಾಶ. ಬ್ಯಾಂಕು, ಪಾನ್ ಎಲ್ಲ ಆಮೇಲೆ.