ಪ್ರಜ್ಞೆಯನ್ನು ವಿವರಿಸಲು ಮೆದುಳಿನ ಜೈವಿಕ ವಿವರ ಎಷ್ಟು ಬೇಕು?

ನಾವು ಪ್ರಜ್ಞೆಯ ಬಗ್ಗೆ ಏನನ್ನು ಕೇಳುತ್ತಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ. ನಮ್ಮ ಕುಮಟಾದ ಅಘನಾಶಿನಿ ಅಳಿವೆಯನ್ನೇ ನೋಡಿ. ಉಬ್ಬರ ಯಾವಾಗ ಏರುತ್ತದೆ ಎಂದು ಹೇಳಲು ಚಂದ್ರ, ಸೂರ್ಯ, ತೀರದ ಆಕಾರ ಸಾಕು. ನೀರಿನ ಉಪ್ಪಿನ ಲೆಕ್ಕ ಬೇಕಿಲ್ಲ. ಆದರೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೇರೆ ತಳಿಗಳು ಸಾಯುವಾಗ ಕಗ್ಗ ಭತ್ತ ಏಕೆ ಉಳಿಯುತ್ತದೆ ಎಂದು ಕೇಳಿದರೆ, ಉಪ್ಪಿನಿಂದ ಹಿಡಿದು ಬೇರಿನ ಜೀವಕೋಶದವರೆಗೆ ಇಳಿಯಲೇಬೇಕು.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಐದನೇ ನಾಲ್ಕರಷ್ಟು ಇರುವುದು ಕಿರುಮೆದುಳಿನಲ್ಲಿ. ಆಶ್ಚರ್ಯವೆಂದರೆ, ಹುಟ್ಟಿನಿಂದಲೇ ಕಿರುಮೆದುಳು ಇಲ್ಲದವರೂ ಪ್ರಜ್ಞೆಯುಳ್ಳವರೇ. ನಡಿಗೆ, ಮಾತು ಮಾತ್ರ ತೊಡಕಾಗುತ್ತವೆ. ಆದರೆ ಮೆದುಳಿನ ಕಾಂಡದ ಮೇಲ್ಭಾಗಕ್ಕೆ ಚಿಕ್ಕ ಪೆಟ್ಟು ಬಿದ್ದರೂ ಕೋಮಾ ಬರಬಹುದು. ಹಾಗಾಗಿ ಕೋಶಗಳ ಎಣಿಕೆಗಿಂತ ಅವು ಹೇಗೆ ಜೋಡಣೆಗೊಂಡಿವೆ ಎಂಬುದೇ ಮುಖ್ಯ.

ಜೋಡಣೆಯ ನಕ್ಷೆಯೊಂದೇ ಸಾಕೇ? ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿ. ಎಲಿಗನ್ಸ್ ಎಂಬ ಪುಟ್ಟ ಹುಳುವಿಗೆ ಇರುವುದು ಬರೀ 302 ನರಕೋಶಗಳು. ನಕ್ಷೆ 1986ರಲ್ಲೇ ಪ್ರಕಟವಾಯಿತು. ಇಂದಿಗೂ ಅದರ ನಡವಳಿಕೆಯನ್ನು ನಕ್ಷೆಯಿಂದಷ್ಟೇ ಪೂರ್ತಿ ಊಹಿಸಲಾಗದು, ಏಕೆಂದರೆ ಕೋಶಗಳ ನಡುವೆ ಹರಡುವ ರಾಸಾಯನಿಕ ಸಂದೇಶಗಳು ಅದರಲ್ಲಿ ಕಾಣುವುದಿಲ್ಲ. ಅರಿವಳಿಕೆಯೂ ಇದನ್ನೇ ತೋರಿಸುತ್ತದೆ: ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಒಂದು ನರತಂತುವನ್ನೂ ಕತ್ತರಿಸದೆ, ನರಕೋಶಗಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳ ಮೇಲೆ ವರ್ತಿಸಿ ಪ್ರಜ್ಞೆಯನ್ನು ಆರಿಸುತ್ತದೆ.

ಹಾಗೆಂದು ಮನುಷ್ಯನ ಮೆದುಳಿನ ಪ್ರತಿಯೊಂದು ವಿವರವೂ ಅನಿವಾರ್ಯವೆನ್ನಲಾರೆ. ನಮ್ಮ ಅರಬ್ಬಿ ಸಮುದ್ರದ ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳಿವೆ, ಹೆಚ್ಚಿನವು ತೋಳುಗಳಲ್ಲಿ. ರಚನೆ ನಮ್ಮದಕ್ಕಿಂತ ಪೂರ್ತಿ ಬೇರೆ. ಆದರೂ ಅದಕ್ಕೆ ನೋವಿನ ಅನುಭವವಿದೆ ಎನ್ನಲು ಒಳ್ಳೆಯ ಪುರಾವೆಗಳಿವೆ.