ಆ ಆರುನೂರು ಮೀಟರ್ ಕತ್ತಲಿಗೆ ಏನು ಮಾಡುವುದು?

ಓದುಗರ ಪತ್ರ: ‘ನಮ್ಮ ಲೇಔಟಿನ ಹೆಂಗಸರು ವಾರಕ್ಕೆ ನಾಲ್ಕು ದಿನ ಬೆಳಗ್ಗೆ 5:30ಕ್ಕೆ ಓಡಲು ಹೊರಡುತ್ತೇವೆ. ಒಂಬತ್ತು ಜನ ಇದ್ದವರು ಈಗ ನಾಲ್ವರಾಗಿದ್ದೇವೆ. ಮೈದಾನದ ಹಿಂದಿನ ತಿರುವಿನಿಂದ ಮೇನ್ ರೋಡಿನ ತನಕ ಆರುನೂರು ಮೀಟರ್ ಕತ್ತಲು. ಅಲ್ಲಿ ಎರಡು ಸಲ ಬೈಕಿನವರು ಪಕ್ಕಕ್ಕೆ ಬಂದು ಏನೇನೋ ಅಂದು ಹೋದರು. ಮನೆಯಲ್ಲಿ ಟ್ರೆಡ್‌ಮಿಲ್ ತಗೋ ಅನ್ನುತ್ತಾರೆ, ಅಸೋಸಿಯೇಷನ್‌ನವರು ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ ಅನ್ನುತ್ತಾರೆ, ದಿನಕ್ಕೊಂದು ದಾರಿ ಬದಲಿಸಿ ಎಂದು ಎಲ್ಲರೂ ಹೇಳುತ್ತಾರೆ. ಓಡುವುದನ್ನು ಬಿಡಲು ನಮಗೆ ಇಷ್ಟವಿಲ್ಲ. ಹದಿನಾರರ ಮಗಳೂ ಬರುತ್ತೇನೆ ಅನ್ನುತ್ತಿದ್ದಾಳೆ. ಕರೆದುಕೊಂಡು ಹೋಗಲೇ?’
— ಓದುಗರೊಬ್ಬರು, ದಕ್ಷಿಣ ಬೆಂಗಳೂರು

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ದಾರಿ ಬದಲಿಸುವ ಮಾತನ್ನೇ ಮೊದಲು ನೋಡೋಣ. ಒಬ್ಬರೇ ಓಡುವವರಿಗೆ ಅದು ಸರಿಯಾದ ಸಲಹೆ. ಹೊಂಚು ಹಾಕುವವನಿಗೆ ಅವರ ಹೊತ್ತೂ ದಾರಿಯೂ ತಿಳಿಯಬಾರದು. ನೀವು ನಾಲ್ವರಿದ್ದೀರಿ. ನಿಮಗೆ ಇದರ ತದ್ವಿರುದ್ಧ ಮಾಡಿದರೇ ಒಳ್ಳೆಯದು: ಒಂದೇ ದಾರಿ, ಒಂದೇ ಹೊತ್ತು, ಅದೂ ಬೀದಿಗೆಲ್ಲ ತಿಳಿದಿರಬೇಕು. ನಿಮ್ಮ ಬೀದಿಯಲ್ಲಿ 5:30ಕ್ಕೆ ಯಾರೂ ಇರುವುದಿಲ್ಲ ಅಂದುಕೊಳ್ಳಬೇಡಿ. ಹಾಲಿನ ಬೂತಿನವರು ಕ್ರೇಟ್ ಇಳಿಸುತ್ತಿರುತ್ತಾರೆ, ಪೇಪರ್ ಹಾಕುವ ಹುಡುಗರು ಫುಟ್‌ಪಾತ್ ಮೇಲೆ ಕೂತು ಬಂಡಲ್ ಬಿಚ್ಚುತ್ತಿರುತ್ತಾರೆ, ಹೂವಿನವರು, ಟೀ ಅಂಗಡಿಯವರು, ರಾತ್ರಿ ಪಾಳಿ ಮುಗಿಸುತ್ತಿರುವ ಸೆಕ್ಯುರಿಟಿಯವರು ಇರುತ್ತಾರೆ. ಒಂದು ದಿನ ಓಟ ಬಿಟ್ಟು ಇವರೆಲ್ಲರನ್ನೂ ಮಾತಾಡಿಸಿ. ‘ಅಣ್ಣಾ, ನಾವು ದಿನಾ 5:40ಕ್ಕೆ ಈ ಕಡೆ ಹೋಗ್ತೀವಿ. ಯಾರಾದ್ರೂ ಹಿಂದೆ ಬಿದ್ರೆ ನಿಮ್ಮ ಹತ್ರ ಬಂದು ನಿಲ್ತೀವಿ’ ಎಂದು ನೇರವಾಗಿ ಹೇಳಿ. ಇಬ್ಬರ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಬೂತಿನ ಒಳಗೋಡೆಗೆ ಅಂಟಿಸಲು ಕೇಳಿ. ದಾರಿಯುದ್ದಕ್ಕೂ ಹೀಗೆ ನಾಲ್ಕು ಕಡೆ ನಿಲ್ಲಲು ಜಾಗ ಸಿಕ್ಕರೆ, ಯಾವ ತಿರುವಿನಲ್ಲಿದ್ದರೂ ಎರಡು ಮೂರು ನಿಮಿಷದಲ್ಲಿ ಒಬ್ಬ ಪರಿಚಯದವರ ಬಳಿ ತಲುಪಬಹುದು. ಸ್ಪ್ರೇಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಗುಂಪಿನಲ್ಲಿದ್ದರೂ ಹೆಂಗಸರು ಒಂಟಿಯಾಗುವುದು ವೇಗದ ವ್ಯತ್ಯಾಸದಿಂದ. ಒಬ್ಬರು ಕಿಲೋಮೀಟರ್‌ಗೆ 6 ನಿಮಿಷ, ಇನ್ನೊಬ್ಬರು 8 ನಿಮಿಷ ತೆಗೆದುಕೊಂಡರೆ ಅರ್ಧ ಗಂಟೆಯಲ್ಲಿ ಮುಂದಿನವರು 5 ಕಿ.ಮೀ., ಹಿಂದಿನವರು 3.75 ಕಿ.ಮೀ. ಹೋಗಿರುತ್ತಾರೆ. ನೇರ ದಾರಿಯಾದರೆ ಒಂದೂಕಾಲು ಕಿಲೋಮೀಟರ್ ಅಂತರ. ಹೊಸದಾಗಿ ಸೇರಿದವರೇ ಸಾಮಾನ್ಯವಾಗಿ ಹಿಂದೆ ಬೀಳುತ್ತಾರೆ, ಎರಡು ವಾರದಲ್ಲಿ ಬರುವುದನ್ನು ನಿಲ್ಲಿಸುತ್ತಾರೆ. ನಿಮ್ಮ ಗುಂಪಿನಿಂದ ಹೋದ ಐವರಲ್ಲಿ ಎಷ್ಟು ಜನ ಈ ಕಾರಣಕ್ಕೆ ಬಿಟ್ಟರು ಎಂದು ಒಮ್ಮೆ ಕೇಳಿ ನೋಡಿ.

ಆದ್ದರಿಂದ ದೂರದ ದಾರಿ ಬಿಟ್ಟು ಒಂದೂವರೆ ಕಿಲೋಮೀಟರ್ ಸುತ್ತಳತೆಯ ಒಂದು ಸುತ್ತು ಗುರುತಿಸಿಕೊಳ್ಳಿ. ಅದನ್ನೇ ನಾಲ್ಕು ರೌಂಡ್ ಹಾಕಿದರೆ 6 ಕಿ.ಮೀ. ಆಯಿತು. ಬೇಸರ ಎನ್ನುವವರಿಗೆ ಒಂದು ಉಪಾಯವಿದೆ: ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಹೊರಡಿ. ಸುತ್ತು 1.6 ಕಿ.ಮೀ. ಇದ್ದು ಎಲ್ಲರೂ 7 ನಿಮಿಷದ ವೇಗದಲ್ಲಿದ್ದರೆ ಎರಡು ಜೋಡಿಗಳೂ ಸುಮಾರು ಐದೂವರೆ ನಿಮಿಷಕ್ಕೊಮ್ಮೆ ಎದುರುಬದುರಾಗುತ್ತವೆ. ಕೈ ಎತ್ತಿ, ಹೆಸರು ಕೂಗಿ, ಮುಂದೆ ಹೋಗಿ. ಎದುರಾಗಬೇಕಾದ ಜೋಡಿ ಎಂಟು ನಿಮಿಷವಾದರೂ ಬರದಿದ್ದರೆ ಅಲ್ಲಿಂದಲೇ ಫೋನ್ ಮಾಡುವುದು, ಅದೇ ದಿಕ್ಕಿನಲ್ಲಿ ಅವರನ್ನು ಹುಡುಕಿಕೊಂಡು ಮುಂದುವರಿಯುವುದು ಎಂದು ನಿಯಮ ಮಾಡಿಕೊಳ್ಳಿ. ಜೋಡಿ ಮಾಡುವಾಗ ವೇಗದವರ ಜತೆ ನಿಧಾನದವರನ್ನು ಹಾಕಬೇಡಿ, ಸಮಾನರನ್ನೇ ಹಾಕಿ. ಸಂಖ್ಯೆ ಬೆಸವಾದರೆ ಮೂವರ ತಂಡವಿರಲಿ, ಒಬ್ಬರನ್ನೇ ಬಿಡಬೇಡಿ. ರಸ್ತೆಯ ಬಲಬದಿಯಲ್ಲಿ, ಬರುವ ಗಾಡಿಗೆ ಎದುರಾಗಿ ಓಡಿ. ಹಿಂದಿನಿಂದ ಬರುವ ಬೈಕು ಆಗ ರಸ್ತೆಯ ಆಚೆ ಬದಿಯಲ್ಲಿರುತ್ತದೆ. ಇಯರ್‌ಫೋನ್ ಒಂದೇ ಕಿವಿಗೆ, ಅಥವಾ ಬೇಡವೇ ಬೇಡ. ಬೈಕು ಗೇರ್ ಇಳಿಸಿ ನಿಧಾನವಾಗುವ ಸದ್ದು ಕಿವಿಗೆ ಬೀಳಬೇಕು. ಏನೋ ಸರಿಯಿಲ್ಲ ಎಂದು ಮೊದಲು ತಿಳಿಯುವುದು ಆ ಸದ್ದಿನಿಂದಲೇ.

ಬೆಂಗಳೂರಿನಲ್ಲಿ ಜೂನ್ ಮೊದಲ ವಾರ ಸೂರ್ಯ ಹುಟ್ಟುವುದು 5:55ರ ಸುಮಾರಿಗೆ, ಜನವರಿ ಕೊನೆಗೆ 6:45ಕ್ಕೆ. ಬೆಳಕು ಹರಿಯುವುದು ಅದಕ್ಕೆ ಇಪ್ಪತ್ತು ನಿಮಿಷ ಮುಂಚೆ. ಅಂದರೆ ಜನವರಿಯ 5:30ರ ಓಟ ಹೆಚ್ಚುಕಮ್ಮಿ ಪೂರ್ತಿ ಕತ್ತಲಲ್ಲೇ ಮುಗಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿ ತನಕ 6 ಗಂಟೆಗೆ ಹೊರಡಲು ಸಾಧ್ಯವೇ ನೋಡಿ. ಆಫೀಸು, ಮಕ್ಕಳ ಶಾಲೆಯ ಗಡಿಬಿಡಿಯಲ್ಲಿ ಆಗದಿದ್ದರೆ ಮೊದಲ ಎರಡು ರೌಂಡನ್ನು ದೀಪವಿರುವ ಬೀದಿಗಳಲ್ಲೇ ಮುಗಿಸಿ, ಆ ಆರುನೂರು ಮೀಟರನ್ನು ಕೊನೆಗೆ ಇಟ್ಟುಕೊಳ್ಳಿ.

ಇನ್ನು ಆ ಕತ್ತಲನ್ನೇ ಹೋಗಲಾಡಿಸುವ ಕೆಲಸ. ಬೀದಿಯನ್ನು ಹೆಂಗಸರೇ ನಡೆದು ನೋಡಿ ಲೆಕ್ಕ ಬರೆದಿಡುವ ‘ಸುರಕ್ಷತಾ ಆಡಿಟ್’ ಪದ್ಧತಿಯನ್ನು ಕೆನಡಾದ ಟೊರೊಂಟೊದಲ್ಲಿ ಮೆಟ್ರಾಕ್ ಎಂಬ ಸಂಸ್ಥೆ 1989ರಲ್ಲಿ ರೂಪಿಸಿತು. ದೆಹಲಿಯಲ್ಲಿ ಜಾಗೋರಿ ಸಂಸ್ಥೆ ಇದನ್ನು ಬಳಸಿತು. 2013ರಲ್ಲಿ ಬಂದ ಸೇಫ್ಟಿಪಿನ್ ಆ್ಯಪ್ ಅದೇ ಲೆಕ್ಕವನ್ನು ಫೋನಿಗೆ ತಂದಿತು. ನಿಮಗೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ನೀವು ಓಡುವ ಹೊತ್ತಿಗೇ ನಾಲ್ವರೂ ನಡೆದು ಹೋಗಿ, ಸಂಜೆ ಏಳಕ್ಕಲ್ಲ. ಸಂಜೆ ಅಂಗಡಿ ದೀಪಗಳು ಕಂಬದ ಕೊರತೆಯನ್ನು ಮುಚ್ಚಿಬಿಡುತ್ತವೆ. ಪ್ರತಿ ಕಂಬದ ಬಳಿ ನಿಂತು ಕಂಬದ ಮೇಲಿನ ನಂಬರ್, ನಂಬರ್ ಅಳಿಸಿದ್ದರೆ ಎದುರಿನ ಮನೆ ನಂಬರ್ ಬರೆದುಕೊಳ್ಳಿ. ದೀಪ ಉರಿಯುತ್ತಿದೆಯೇ, ಮಿಣುಕುತ್ತಿದೆಯೇ, ಕೊಂಬೆಗೆ ಮರೆಯಾಗಿದೆಯೇ ಎಂದು ಗುರುತು ಹಾಕಿ. ಎರಡು ಕಂಬಗಳ ನಡುವೆ ಒಬ್ಬರು ನಿಂತು, ಇನ್ನೊಬ್ಬರು ನಾಲ್ಕು ಮೀಟರ್ ದೂರದಿಂದ ನೋಡಿ. ಮುಖದ ಗುರುತು ಸಿಗದಿದ್ದರೆ ಅಲ್ಲಿ ಬೆಳಕು ಸಾಲದು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ತೋರಿಸುವ ಫೋನಿನ ಲಕ್ಸ್ ಮೀಟರ್ ಆ್ಯಪ್ ಕರಾರುವಾಕ್ಕಾಗಿ ಅಳೆಯುವುದಿಲ್ಲ, ಆದರೆ ಒಂದೇ ಫೋನಿನಿಂದ ಅಳೆದರೆ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದನ್ನು ತೋರಿಸುತ್ತದೆ. ಬೀದಿದೀಪಗಳಿಗಿರುವ ಭಾರತೀಯ ಮಾನಕ ಐಎಸ್ 1944ರ ಪ್ರಕಾರ ಕಡಿಮೆ ಸಂಚಾರದ ಒಳರಸ್ತೆಗೂ ಸರಾಸರಿ 4 ಲಕ್ಸ್ ಬೇಕು. ದೀಪಕ್ಕಾಗಿ ಕೊಡುವ ಅರ್ಜಿಯಲ್ಲಿ ಈ ಅಂಕಿಯನ್ನು ಬರೆಯಿರಿ.

ಗಾಡಿಗಳ ಸಾಲು, ಗಿಡ ಬೆಳೆದ ಖಾಲಿ ಸೈಟು, ಕಿಟಕಿಯಿಲ್ಲದ ಉದ್ದನೆಯ ಕಾಂಪೌಂಡ್ ಗೋಡೆ, ಇವನ್ನೂ ಗುರುತು ಮಾಡಿ. ಫುಟ್‌ಪಾತ್‌ನ ಓಡಾಡುವ ಅಗಲ 1.8 ಮೀಟರ್ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿ ಹೇಳುತ್ತದೆ. ಅದಿಲ್ಲದ ಕಡೆ ನೀವು ರಸ್ತೆಗಿಳಿಯುತ್ತೀರಿ, ಬೈಕಿನವನಿಗೆ ಹತ್ತಿರವಾಗುತ್ತೀರಿ.

ದೂರು ಕೊಡುವಾಗ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ‘ನಮ್ಮ ರಸ್ತೆಯಲ್ಲಿ ದೀಪ ಸರಿಯಿಲ್ಲ’ ಎಂದು ಒಂದೇ ದೂರು ಕೊಟ್ಟರೆ, ಲೈನ್‌ಮನ್ ಬಂದು ಒಂದು ದೀಪ ಸರಿಮಾಡಿ ದೂರನ್ನು ಮುಗಿಸುತ್ತಾನೆ. ಕಂಬಕ್ಕೊಂದು ದೂರು ಕೊಡಿ, ಪ್ರತಿಯೊಂದಕ್ಕೂ ನಂಬರ್ ತೆಗೆದುಕೊಳ್ಳಿ. ಬೀದಿದೀಪ ಪಾಲಿಕೆಯ ಕೆಲಸ, ಸಹಾಯವಾಣಿ 1533. ಜೋತುಬಿದ್ದ ತಂತಿ, ಕರೆಂಟ್ ತೊಂದರೆ ಬೆಸ್ಕಾಂನದು, 1912. ಸಾಲಾಗಿ ಏಳೆಂಟು ದೀಪ ಒಟ್ಟಿಗೇ ಆರಿದ್ದರೆ ಬಲ್ಬುಗಳನ್ನು ದೂರಬೇಡಿ. ನಿಯಂತ್ರಣ ಪೆಟ್ಟಿಗೆಯೋ ಕೇಬಲ್ಲೋ ಕೆಟ್ಟಿರುತ್ತದೆ, ಹಾಗೆಂದೇ ದೂರಿನಲ್ಲಿ ಬರೆಯಿರಿ. ದಿನಾ ಒಂದೇ ನಿಮಿಷಕ್ಕೆ ಬೆಳಕು ಹರಿಯುವ ಮುಂಚೆಯೇ ಆರುತ್ತಿದ್ದರೆ ಟೈಮರ್ ನೋಡಿಸಿ. ಮರದ ಮರೆಯಿದ್ದರೆ ದಯವಿಟ್ಟು ಮರ ಕಡಿಸಲು ಹೋಗಬೇಡಿ. ದೀಪದ ಸುತ್ತಲ ಕೊಂಬೆ ಮಾತ್ರ ಸವರಿಸಿ, ಅಥವಾ ಅದೇ ಕಂಬಕ್ಕೆ ಎಲೆಗಳ ಕೆಳಗೆ ಇನ್ನೊಂದು ತೋಳು, ಇನ್ನೊಂದು ದೀಪ ಕೇಳಿ. ಹದಿನೈದು ದಿನವಾದರೂ ಆಗದಿದ್ದರೆ ದೂರಿನ ನಂಬರುಗಳ ಪಟ್ಟಿ ಹಿಡಿದು ವಾರ್ಡಿನ ಎಲೆಕ್ಟ್ರಿಕಲ್ ಎಂಜಿನಿಯರನ್ನು ಕಾಣಿ.

ಅರ್ಜಿಗೆ ಸಹಿ ಹಾಕಿಸುವಾಗ ಓಡುವವರಲ್ಲೇ ನಿಲ್ಲಬೇಡಿ. ಅದೇ ಕತ್ತಲಲ್ಲಿ ಮನೆಗೆಲಸಕ್ಕೆ ನಡೆದು ಬರುವವರು, ಗಾರ್ಮೆಂಟ್ಸ್ ಬಸ್ಸಿಗೆ ಹೋಗುವವರು, ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಹೆಂಗಸರು ಇದ್ದಾರೆ. ಅವರಿಗೆ ದಾರಿ ಬದಲಿಸುವ, ಹೊತ್ತು ಬದಲಿಸುವ ಆಯ್ಕೆಯೇ ಇಲ್ಲ. ಯಾವ ತಿರುವು ಕೆಟ್ಟದ್ದು ಎಂಬುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮೊದಲು ಅವರನ್ನು ಕೇಳಿ, ಆಮೇಲೆ ಹಾಳೆ ತುಂಬಿ.

ಬೈಕಿನವರ ವಿಷಯ. ಪಕ್ಕಕ್ಕೆ ಬಂದು ನಿಧಾನಿಸಿದರೆ ತಟ್ಟನೆ ತಿರುಗಿ ಬಂದ ದಿಕ್ಕಿಗೇ ಓಡಿ. ಬೈಕು ತಿರುಗಿಸಲು ಅವನಿಗೆ ಹೊತ್ತು ಬೇಕು. ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳಿ. ನಿಮ್ಮ ಜತೆಯವರಿಗೂ ನೆನಪಿರುತ್ತದೆ, ಅವನಿಗೂ ಕೇಳಿಸುತ್ತದೆ. ಬೆನ್ನಟ್ಟಬೇಡಿ, ಹತ್ತಿರದ ಬೂತಿಗೆ ಹೋಗಿ 112ಕ್ಕೆ ಕರೆ ಮಾಡಿ. ಹತ್ತು ನಿಮಿಷದೊಳಗೆ ಗುಂಪಿನ ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಕಂಬದ ನಂಬರ್, ಬೈಕಿನ ಬಣ್ಣ, ಅವನು ಆಡಿದ ಮಾತನ್ನು ಹಾಗೇ ಬರೆದಿಡಿ. ಇದಕ್ಕೆ ಕಾರಣವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್ನಿಗೆ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆ ಒಂದು ಸಲವಾದರೂ ಸಾಕು. 78ನೇ ಸೆಕ್ಷನ್ ಹಿಂಬಾಲಿಸುವುದಕ್ಕೆ ಸಂಬಂಧಿಸಿದ್ದು. ಅದಕ್ಕೆ ಬೇಡವೆಂದರೂ ಮತ್ತೆ ಮತ್ತೆ ಬಂದ ಎಂಬುದು ಕಾಣಬೇಕು. ಅದನ್ನು ತೋರಿಸಲು ನಿಮ್ಮ ನೋಟ್‌ಬುಕ್ಕು ಬೇಕು. ಮೈಮುಟ್ಟಿದರೆ 74. ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಕೊಡಬಹುದು, ‘ನಮ್ಮ ವ್ಯಾಪ್ತಿಯಲ್ಲ’ ಎನ್ನುವಂತಿಲ್ಲ. ಈ ಅಪರಾಧಗಳಲ್ಲಿ ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ.

ಎಫ್‌ಐಆರ್ ಬೇಡ ಎನ್ನುವವರೂ ಠಾಣೆಗೆ ಒಂದು ಪತ್ರ ಕೊಡಿ. ನಕ್ಷೆ, ನೋಟ್‌ಬುಕ್ಕಿನ ಪ್ರತಿ, ಸಹಿಗಳ ಜತೆ ಕೋರಿಕೆ ಒಂದೇ ಇರಲಿ: ಸೋಮ, ಬುಧ, ಶುಕ್ರ, ಶನಿವಾರ 5:30ರಿಂದ 6:15ರೊಳಗೆ ಪೊಲೀಸರ ಹೊಯ್ಸಳ ಗಸ್ತು ವಾಹನ ಈ ಆರುನೂರು ಮೀಟರಿನಲ್ಲಿ ಒಂದು ಸಲ ಹಾದುಹೋಗಲಿ. ‘ಗಸ್ತು ಹೆಚ್ಚಿಸಿ’ ಎಂದು ಬರೆದರೆ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಸ್ಪ್ರೇ ಇಟ್ಟುಕೊಳ್ಳುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಸೊಂಟದ ಚೀಲದೊಳಗಿದ್ದರೆ ಕೈಗೆ ಸಿಗದು, ಗಾಳಿ ಎದುರಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತದೆ. ಕೊರಳಿಗೆ ಒಂದು ಸೀಟಿ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆಗೆ ಸಿಗುತ್ತದೆ. ಒಂದು ಗಂಟೆಯದನ್ನು ಮನೆಯಲ್ಲಿ ಎಚ್ಚರವಿರುವವರಿಗೆ ಕಳಿಸಿ, ಮಲಗಿರುವವರಿಗೆ ಕಳಿಸಿ ಫಲವಿಲ್ಲ. ಓಟದ ದಾರಿಯನ್ನು ದಾಖಲಿಸುವ ಸ್ಟ್ರಾವಾದಂಥ ಆ್ಯಪ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಓಟದ ಆರಂಭ, ಕೊನೆಯ ಭಾಗವನ್ನು ಮರೆಮಾಡಿ, ನಕ್ಷೆಯನ್ನು ಪರಿಚಿತರಿಗಷ್ಟೇ ತೋರಿಸಿ. 2018ರಲ್ಲಿ ಆ ಕಂಪನಿಯ ಜಾಗತಿಕ ನಕ್ಷೆಯಲ್ಲಿ ಸೈನಿಕ ನೆಲೆಗಳೇ ಬಯಲಾದವು, ನಿಮ್ಮ ಮನೆಯ ಗೇಟು ಕಾಣುವುದು ಕಷ್ಟವೇನಲ್ಲ. ಬೀದಿಯವರಿಗೆ ನಿಮ್ಮ ಹೊತ್ತು ಗೊತ್ತಿರಲಿ, ಇಂಟರ್ನೆಟ್‌ಗೆ ಬೇಡ.

ಅಲ್ಲಿ ಓಡುವ ಗಂಡಸರ ಗುಂಪಿದ್ದರೆ ಅವರಿಗೂ ಹೇಳುವುದಿದೆ. ಕಾವಲಿಗೆ ಬನ್ನಿ ಎಂದಲ್ಲ. ಕತ್ತಲಲ್ಲಿ ಹೆಂಗಸರನ್ನು ದಾಟುವಾಗ ಹತ್ತು ಮೀಟರ್ ಹಿಂದಿನಿಂದಲೇ ‘ಎಡಗಡೆ ಬರ್ತಾ ಇದೀನಿ’ ಎಂದು ದನಿ ಮಾಡಿ, ರಸ್ತೆಯ ಆಚೆ ಬದಿಗೆ ಸರಿದು, ವೇಗ ತಗ್ಗಿಸದೆ ದಾಟಿ ಹೋಗಲಿ. ಇದನ್ನು ಅವರ ಕ್ಲಬ್ಬಿನ ನಿಯಮದಲ್ಲೇ ಬರೆಸಿ. ನೀವೇ ಒಂದು ಕ್ಲಬ್ಬಿಗೆ ಸೇರುವುದಾದರೆ, ಕೋಚ್ ಅಥವಾ ಜತೆಗಾರರಿಂದಲೇ ತೊಂದರೆಯಾದರೆ ಯಾರಿಗೆ ಹೇಳಬೇಕು ಎಂದು ಮೊದಲ ದಿನವೇ ಕೇಳಿ. ಉತ್ತರವಾಗಿ ಇಬ್ಬರು ಹೆಂಗಸರ ಹೆಸರು ಸಿಗಬೇಕು.

ಶೌಚಾಲಯದ ಮಾತನ್ನು ಯಾರೂ ಎತ್ತುವುದಿಲ್ಲ, ಆದರೆ ಅದಕ್ಕಾಗಿಯೇ ನೀರು ಕುಡಿಯದೆ ಓಡುವವರಿದ್ದಾರೆ. ಸುತ್ತಿನೊಳಗೆ ಬೆಳಗ್ಗೆ ತೆರೆದಿರುವ ಪೆಟ್ರೋಲ್ ಬಂಕ್ ಅಥವಾ ಯಾರಾದರೊಬ್ಬರ ಅಪಾರ್ಟ್‌ಮೆಂಟ್ ಗೊತ್ತುಮಾಡಿಕೊಳ್ಳಿ.

ಮಗಳನ್ನು ಕರೆದುಕೊಂಡು ಹೋಗಿ. ನಿಮ್ಮ ಜೋಡಿಯಾಗಿ ಓಡಲಿ, ಅವಳು ನಿಮಗಿಂತ ವೇಗವಾದರೆ ಮುಂದಿನ ಬೂತಿನ ತನಕ ಹೋಗಿ ತಿರುಗಿ ಬಂದು ನಿಮ್ಮನ್ನು ಕೂಡಿಕೊಳ್ಳಲಿ. ಹದಿನೆಂಟರೊಳಗಿನವಳನ್ನು ಲೈಂಗಿಕ ಉದ್ದೇಶದಿಂದ ಪದೇ ಪದೇ ಹಿಂಬಾಲಿಸುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಮಕ್ಕಳ ಸಹಾಯವಾಣಿ 1098 ಅವಳ ಫೋನಿನಲ್ಲೂ ಇರಲಿ. ಕಂಬ ಎಣಿಸುವ ದಿನ ಹಾಳೆ, ಪೆನ್ಸಿಲನ್ನು ಅವಳ ಕೈಗೇ ಕೊಡಿ. ಮಾಸಿಹೋದ ಕಂಬದ ನಂಬರ್ ಟಾರ್ಚ್ ಬೆಳಕಿನಲ್ಲಿ ಓದಲು ಹದಿನಾರರ ಕಣ್ಣೇ ವಾಸಿ.