ಡೊಂಬಿವಲಿಯ ತಾಲೀಮಿನಲ್ಲಿ ಬೆಳಕು ತಾಳ ತಪ್ಪಿದ್ದರ ಬಗ್ಗೆ

ಲ್ಯಾಪ್‌ಟಾಪಿನ ಮೈಕಿನಿಂದಲೇ ಹಾಡಿನ ಬೀಟ್ ಗುರುತಿಸಿ ದೀಪಗಳನ್ನು ನಡೆಸುವ ಸಾಫ್ಟ್‌ವೇರ್ ನಡೆಸಿದಾಗ, ಆರ್ಕೆಸ್ಟ್ರಾದ ಹಾಡುಗಳಿಗೆ ಬೆಳಕು ತಡವಾಗಿ ಬಂತು, ಯಕ್ಷಗಾನದ ತುಣುಕಿನಲ್ಲಿ ಅಂಕೆಯೇ ತಪ್ಪಿತು ಎಂದು ತಾವು ಬರೆದಿದ್ದೀರಿ. ಇವು ಎರಡು ಬೇರೆ ತೊಂದರೆಗಳು.

ಆರ್ಕೆಸ್ಟ್ರಾದ್ದು ಸುಲಭ. ಮೈಕನ್ನು ಬಿಟ್ಟು, ಮಿಕ್ಸರಿನ ಆಕ್ಸ್ ಔಟಿನಿಂದ (ಬೇಕಾದ ಸದ್ದನ್ನಷ್ಟೇ ಬೇರೆಯಾಗಿ ಹೊರಗೆ ಕೊಡುವ ಕಿಂಡಿ) ಕಿಕ್ ಡ್ರಮ್ಮನ್ನು, ಎಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮನ್ನು ಮಾತ್ರ, ಲ್ಯಾಪ್‌ಟಾಪಿಗೆ ಸದ್ದು ಸೇರಿಸುವ ಆಡಿಯೊ ಇಂಟರ್‌ಫೇಸಿಗೆ ಕೊಡಿ. ಸಭಾಂಗಣದ ಪ್ರತಿಧ್ವನಿ, ಚಪ್ಪಾಳೆಗಳ ಕಾಟ ಅಲ್ಲಿಗೆ ನಿಲ್ಲುತ್ತದೆ. ಬಫರನ್ನು (ಸಾಫ್ಟ್‌ವೇರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 1024 ಸ್ಯಾಂಪಲ್‌ನಿಂದ 256ಕ್ಕೆ ಇಳಿಸಿದರೆ, 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 21 ಮಿಲಿಸೆಕೆಂಡಿನ ಕಾಯುವಿಕೆ 5ಕ್ಕೆ ಬರುತ್ತದೆ. ದೀಪಗಳಿಗೆ ಆಜ್ಞೆ ಸಾಗಿಸುವ ಡಿಎಂಎಕ್ಸ್‌ನಲ್ಲಿ 512 ಚಾನೆಲ್ಲುಗಳ ಒಂದು ಸುತ್ತಿಗೆ ಸುಮಾರು 23 ಮಿಲಿಸೆಕೆಂಡ್ ಬೇಕೇ ಬೇಕು. ಮೂವಿಂಗ್ ಹೆಡ್ (ಮೋಟಾರಿನಿಂದ ತಿರುಗುವ ದೀಪ) ತಿರುಗಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುವುದರಿಂದ, ಬೀಟಿಗೆ ಕದಲದೆ ನಿಂತಿರುವ ಎಲ್‌ಇಡಿ ಪಾರ್ ದೀಪಗಳ ಪ್ರಖರತೆಯನ್ನಷ್ಟೇ ಕಟ್ಟಿ, ಚಲನೆಯನ್ನು ಎಂಟು ಬೀಟಿಗೊಮ್ಮೆ ಇಡಿ.

ಯಕ್ಷಗಾನದ ಮಾತು ಬೇರೆ. ಇಂಥ ಸಾಫ್ಟ್‌ವೇರ್ ಸದ್ದಿನ ಶಕ್ತಿ ಥಟ್ಟನೆ ಏರಿದ ಕಡೆಗಳನ್ನು ಹುಡುಕಿ, ಅವುಗಳ ನಡುವಿನ ಅಂತರ ಮರುಕಳಿಸುವುದನ್ನು ನೋಡಿ ವೇಗವನ್ನು ಊಹಿಸುತ್ತದೆ; ಅದಕ್ಕೆ ಪೆಟ್ಟು ಗೊತ್ತೇ ಹೊರತು ತಾಳ ಗೊತ್ತಿಲ್ಲ. ಚೆಂಡೆಯ ಉರುಳಿಕೆ ಬಂದೊಡನೆ ವೇಗ ಇಮ್ಮಡಿಯಾಯಿತೆಂದು ಭಾವಿಸುತ್ತದೆ, ಹತ್ತು ಅಕ್ಷರದ (ಎಣಿಕೆಯ) ಝಂಪೆ ತಾಳವನ್ನೂ ಏಳರ ತ್ರಿವುಡೆ ತಾಳವನ್ನೂ ನಾಲ್ಕರ ಲೆಕ್ಕಕ್ಕೆ ಎಳೆಯುತ್ತದೆ, ಅರ್ಥಗಾರಿಕೆ ಶುರುವಾಗಿ ಹಿಮ್ಮೇಳ ನಿಂತ ಮೇಲೂ ಹಳೆಯ ಎಣಿಕೆಯನ್ನೇ ಮುಂದುವರಿಸಬಹುದು. ಆದ್ದರಿಂದ ಆ ಭಾಗದಲ್ಲಿ ಸ್ವಯಂ ಪತ್ತೆಯನ್ನು ಪೂರ್ತಿ ನಿಲ್ಲಿಸಿ, ತಾಳ ಬಲ್ಲ ಒಬ್ಬರನ್ನು ಭಾಗವತರ ಜಾಗಟೆ ಕಾಣುವಲ್ಲಿ ಕೂರಿಸಿ, ಒತ್ತಿ ವೇಗ ತಿಳಿಸುವ ಟ್ಯಾಪ್ ಗುಂಡಿಯನ್ನು ಅವರ ಕೈಗೆ ಕೊಡಿ. ಪ್ರತಿ ಪೆಟ್ಟಿಗೂ ಅವರು ಒತ್ತಬೇಕಿಲ್ಲ. ಬಿಡ್ತಿಗೆ, ಮುಕ್ತಾಯ ಎಂಬ ತಾಳದ ಘಟ್ಟಗಳಲ್ಲಿ ಬೆಳಕು ಬದಲಾದರೆ ಸಾಕು, ಕುಣಿತ ತಾನಾಗಿ ಎದ್ದು ಕಾಣುತ್ತದೆ. ಪ್ರತಿ ಪೆಟ್ಟಿಗೂ ಹೊತ್ತಿ ಆರುವ ಬೆಳಕಿನಲ್ಲಿ ಮುಖವರ್ಣಿಕೆ ಸತ್ತುಹೋಗುತ್ತದೆ. ಗಂಟೆಗಟ್ಟಲೆ ಕೂತು ಬರೆದುಕೊಂಡ ಬಣ್ಣಕ್ಕೆ ನಾವು ಆ ಅನ್ಯಾಯ ಮಾಡಬಾರದು.

ಸ್ಟ್ರೋಬ್ (ಬೇಗಬೇಗ ಮಿಂಚುವ ದೀಪ) ಬಗ್ಗೆ ಎಚ್ಚರವಿರಲಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚುಗಳು ಬೆಳಕಿಗೆ ಕೆರಳುವ ಅಪಸ್ಮಾರವಿರುವವರಲ್ಲಿ ಸೆಳವು ತರಬಹುದು, ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಮುಂದಿನ ತಾಲೀಮಿನಲ್ಲಿ ಕಿಕ್ ಡ್ರಮ್ ಮತ್ತು ದೀಪ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟು, ಫೋನಿನ 240 ಫ್ರೇಮ್‌ನ ನಿಧಾನಗತಿಯಲ್ಲಿ ಚಿತ್ರೀಕರಿಸಿ. ಡ್ರಮ್ಮಿನ ಪೆಡಲಿನ ಕೋಲು ಚರ್ಮಕ್ಕೆ ತಗಲಿದ ಫ್ರೇಮ್‌ನಿಂದ ದೀಪ ಹೊತ್ತಿದ ಫ್ರೇಮ್‌ವರೆಗೆ, ಒಂದಕ್ಕೆ ಸುಮಾರು 4 ಮಿಲಿಸೆಕೆಂಡಿನಂತೆ ಎಣಿಸಿ, ಬಂದ ಲೆಕ್ಕವನ್ನು ಇಲ್ಲಿ ತಿಳಿಸಿದರೆ ತಡ ಎಲ್ಲಿ ಉಳಿದಿದೆಯೆಂದು ಒಟ್ಟಿಗೆ ಹುಡುಕೋಣ.